ಪಾರ್ಟಿ ಸಂಜೆ ಆರಕ್ಕೇ ಶುರು

ಬೆಂಗಳೂರಿನ ಯಾವ ಪಿ.ಜಿ.ಗೆ ಹೋದರೂ, ಮಣಿಪಾಲದ ಹಾಸ್ಟೆಲಿಗೆ ಹೋದರೂ, ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಾಲ್ಕು ಹುಡುಗಿಯರು ಸೇರಿ ಹಿಡಿದ ಬಾಡಿಗೆ ಮನೆಗೆ ಹೋದರೂ ಅಲ್ಲೊಬ್ಬಳು ಅಕ್ಕ ಇರುತ್ತಾಳೆ. ಕೊನೆಯ ವರ್ಷದ ವಿದ್ಯಾರ್ಥಿನಿ. ಮೆಸ್ಸಿನ ಸಾರು ನೀರಾದಾಗ ಓನರ್ ಹತ್ತಿರ ಜಗಳಕ್ಕೆ ಹೋಗುವವಳು ಅವಳು. ಹೊಸ ಫೋನು ಯಾವುದು ತಗೊಳ್ಳಲಿ ಎಂದು ಕಿರಿಯರು ಕೇಳುವುದು ಅವಳನ್ನು. ಶನಿವಾರ ಸಂಜೆ ‘ಎಲ್ಲಿಗೆ, ಯಾರ ಜೊತೆ’ ಎಂದು ಬಾಗಿಲಲ್ಲೇ ತಡೆಯುವವಳೂ ಅವಳೇ. ಕಾಲೇಜಿನ ಸುತ್ತೋಲೆ ನೋಟಿಸ್ ಬೋರ್ಡಿನಲ್ಲಿ ಒಣಗುತ್ತಿರುತ್ತದೆ, ಅಕ್ಕನ ಮಾತು ಮಾತ್ರ ನಡೆಯುತ್ತದೆ. ಯಾಕೆಂದರೆ ಅವಳು ಪಾರ್ಟಿಗೆ ಹೋಗಬೇಡ ಎನ್ನುವುದಿಲ್ಲ. ತಾನೂ ಹೋಗುತ್ತಾಳೆ.

ಕೇಳುಗರೇ, ಈ ಅಕ್ಕ ಒಬ್ಬಳಲ್ಲ, ಕಾಲೇಜಿರುವ ಊರೂರಲ್ಲೂ ಇದ್ದಾಳೆ. ಹುಡುಗರ ಹಾಸ್ಟೆಲಿನಲ್ಲಿ ಅಣ್ಣನಾಗಿ ಇದ್ದಾನೆ. ಅವಳ ಬುದ್ಧಿವಾದವನ್ನು ಕೂತು ಕೇಳಿದರೆ ಒಂದು ವಿಷಯ ಗಮನಕ್ಕೆ ಬರುತ್ತದೆ. ಕುಡಿತದ ಮಾತು ಬೇರೆ, ಫೋನಿನ ಮಾತು ಬೇರೆ ಎಂದು ಅವಳು ವಿಂಗಡಿಸುವುದೇ ಇಲ್ಲ. ಮನೆಗೆ ತಲುಪಿಸುವ ಕ್ಯಾಬು, ಬಿಲ್ಲು ಕಟ್ಟುವ ಯುಪಿಐ, ಅಮ್ಮನ ನಂಬರು, ವಾರ್ಡನ್ ನಂಬರು ಎಲ್ಲವೂ ಒಂದೇ ಫೋನಿನೊಳಗಿರುವ ಕಾಲ ಇದು. ರಾತ್ರಿ ಹನ್ನೊಂದೂವರೆಗೆ ಫೋನು ಆಫ್ ಆದರೆ ಮುಂದಿನದೆಲ್ಲ ಪರರ ದಯೆ. ಹಾಗಾಗಿ ಅವಳ ಲೆಕ್ಕದಲ್ಲಿ ಪಾರ್ಟಿ ಶುರುವಾಗುವುದು ರಾತ್ರಿ ಒಂಬತ್ತಕ್ಕಲ್ಲ, ಸಂಜೆ ಆರಕ್ಕೆ, ತಲೆ ನೆಟ್ಟಗಿರುವಾಗ.

“ಮೊದಲು ಊಟ ಮಾಡ್ರೇ” ಎನ್ನುತ್ತಾಳೆ. ಖಾಲಿ ಹೊಟ್ಟೆಗೆ ಬಿದ್ದ ಮದ್ಯ ಬೇಗ ರಕ್ತಕ್ಕೆ ಸೇರುತ್ತದೆ, ಹೊಟ್ಟೆಯಲ್ಲಿ ಅನ್ನ-ಸಾರು ಇದ್ದರೆ ನಿಧಾನವಾಗುತ್ತದೆ. ಆಮೇಲೆ ಫೋನಿನ ಸರದಿ. ಪೂರ್ತಿ ಚಾರ್ಜು ಆಗಿರಬೇಕು. ಪರದೆ ಲಾಕ್ ಆಗಿದ್ದರೂ ಕಾಣುವ ಹಾಗೆ ರಕ್ತದ ಗುಂಪು, ಅಲರ್ಜಿ, ಮನೆಯವರ ನಂಬರು ತುಂಬಿರಬೇಕು. ಆಂಡ್ರಾಯ್ಡಿನಲ್ಲೂ ಐಫೋನಿನಲ್ಲೂ ಇದಕ್ಕೆಂದೇ ಜಾಗವಿದೆ. ಪವರ್ ಬಟನ್ನನ್ನು ಪಟಪಟನೆ ಒತ್ತಿದರೆ ತುರ್ತು ಕರೆ ಹೋಗುವ ಏರ್ಪಾಡೂ ಇದೆ, ಕೆಲವು ಫೋನಿನಲ್ಲಿ ಮೂರು ಸಲ, ಕೆಲವುಗಳಲ್ಲಿ ಐದು ಸಲ. 2017ರಿಂದ ನಮ್ಮ ದೇಶದಲ್ಲಿ ಮಾರುವ ಫೋನುಗಳಿಗೆ ಇಂಥದ್ದೊಂದು ಪ್ಯಾನಿಕ್ ಬಟನ್ ಇರಲೇಬೇಕೆಂಬ ನಿಯಮವಿದೆ. ತಮ್ಮ ಫೋನಿನಲ್ಲಿ ಅದು ಹೇಗೆ ನಡೆಯುತ್ತದೆಂದು ಒಮ್ಮೆ ಸೆಟ್ಟಿಂಗ್ಸಿಗೆ ಹೋಗಿ ನೋಡಿದ ಹುಡುಗರು ಎಷ್ಟು ಮಂದಿಯೋ!

ವಾಟ್ಸಾಪಿನ ಲೈವ್ ಲೊಕೇಶನ್ನಿನಲ್ಲಿ ಮೂರು ಅವಧಿಗಳಿವೆ: 15 ನಿಮಿಷ, 1 ಗಂಟೆ, 8 ಗಂಟೆ. ಅಕ್ಕ ಎಂಟು ಗಂಟೆಯದನ್ನೇ ಒತ್ತಿಸುತ್ತಾಳೆ. ಅದನ್ನು ಗೆಳತಿಯರ ಗುಂಪಿಗೆ ಕಳಿಸಿದರೆ ಅವಳಿಗೆ ಒಪ್ಪಿಗೆಯಿಲ್ಲ, ಗುಂಪಿನವರೆಲ್ಲ ಅದೇ ಪಾರ್ಟಿಯಲ್ಲೇ ಇರುತ್ತಾರಲ್ಲ! ಅವತ್ತು ರೂಮಿನಲ್ಲಿ ಉಳಿದು ಇಂಟರ್ನಲ್ಸಿಗೆ ಓದುತ್ತಿರುವ ಒಬ್ಬಳಿಗೆ ಕಳಿಸಬೇಕು. ಕೊನೆಗೊಂದು ಪರೀಕ್ಷೆ: “ಅಮ್ಮನ ನಂಬರು ಬಿಟ್ಟು ಇನ್ನೊಂದು ನಂಬರು ಬಾಯಿಪಾಠ ಇದೆಯೇನೇ?” ಇಪ್ಪತ್ತು ವರ್ಷದ ಬಹುಪಾಲು ಮಕ್ಕಳು ಇಲ್ಲಿ ಫೇಲು. ಒಂದು ಚೀಟಿಯಲ್ಲಿ ಎರಡು ನಂಬರು, ಜೊತೆಗೆ ಐನೂರರ ಒಂದು ನೋಟು ಚಪ್ಪಟೆ ಮಡಿಸಿ ಇಟ್ಟುಕೊಳ್ಳಬೇಕು, ಫೋನಿನ ಕವರಿನಲ್ಲಿ ಮಾತ್ರ ಇಡಬಾರದು. ಫೋನು ಹೋದರೆ ಅದೂ ಹೋಗುತ್ತದೆ. ಜೀನ್ಸಿನ ಸಣ್ಣ ಜೇಬು ಇರುವುದೇ ಇದಕ್ಕೆ.

ಇನ್ನು ಕುಡಿತ. ಕರ್ನಾಟಕದಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. 2023ರ ಜನವರಿಯಲ್ಲಿ ಈ ವಯಸ್ಸನ್ನು 18ಕ್ಕೆ ಇಳಿಸುವ ಕರಡು ನಿಯಮ ಹೊರಟಿತ್ತು, ವಿರೋಧ ಬಂದದ್ದರಿಂದ ಸರ್ಕಾರ ಅದನ್ನು ಕೈಬಿಟ್ಟಿತು. ಅಂದರೆ ಡಿಗ್ರಿ ಮೊದಲ ವರ್ಷದ ಹುಡುಗನ ಕೈಗೆ ಬಾರಿನಲ್ಲಿ ಗ್ಲಾಸು ಬಂದಿದೆ ಎಂದರೆ ಅಲ್ಲಿ ಯಾರೋ ನಿಯಮ ಮುರಿದಿದ್ದಾರೆ. ಕಾನೂನು ಹೀಗಿದ್ದರೂ ಮೊದಲ ವರ್ಷದವರು ಕುಡಿಯುತ್ತಾರೆ ಎಂಬುದು ಹಾಸ್ಟೆಲಿನ ಕಸದ ಬುಟ್ಟಿಗೂ ಗೊತ್ತು. ಕುಡಿಯದೇ ಇದ್ದರೆ ಅತ್ಯುತ್ತಮ ಎಂದು ಅಕ್ಕ ಒಂದೇ ಸಲ ಹೇಳಿ, ಉಳಿದ ಹೊತ್ತನ್ನು ಕುಡಿಯುವವರ ಜೀವ ಉಳಿಸುವ ಮಾತಿಗೆ ಕೊಡುತ್ತಾಳೆ. ಇದು ಸರಿಯಾದ ವಿವೇಕ.

ದೇಹ ಮದ್ಯವನ್ನು ತನ್ನದೇ ವೇಗದಲ್ಲಿ ಕರಗಿಸುತ್ತದೆ, ಸುಮಾರಾಗಿ ಗಂಟೆಗೆ ಒಂದು ಸಣ್ಣ ಪೆಗ್ಗು. ಲಿಂಬೆ ಹಣ್ಣಿನ ರಸ, ಸ್ಟ್ರಾಂಗ್ ಕಾಫಿ, ತಣ್ಣೀರು ಸ್ನಾನ, ಮಜ್ಜಿಗೆ ಯಾವುದಕ್ಕೂ ಆ ಕೆಲಸವನ್ನು ಬೇಗ ಮಾಡಿಸುವ ಶಕ್ತಿಯಿಲ್ಲ. ಕಾಫಿ ಕುಡಿದ ಅಮಲುಗಾರ ಎಚ್ಚರವಾಗಿರುವ ಅಮಲುಗಾರ ಆಗುತ್ತಾನೆ, ಅಷ್ಟೆ. ಈ ತಪ್ಪು ಕಲ್ಪನೆಯ ಫಲವನ್ನು ಅಮೆರಿಕ 2010ರಲ್ಲಿ ನೋಡಿತು. ಕೆಫೀನು ಮತ್ತು ಮದ್ಯ ಎರಡನ್ನೂ ಒಂದೇ ಡಬ್ಬಿಯಲ್ಲಿ ತುಂಬಿದ ‘ಫೋರ್ ಲೋಕೋ’ ಎಂಬ ಪಾನೀಯ ಅಲ್ಲಿನ ಕಾಲೇಜು ಹುಡುಗರಲ್ಲಿ ಜನಪ್ರಿಯವಾಗಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ವಾಷಿಂಗ್ಟನ್ ರಾಜ್ಯದ ಒಂದು ಮನೆ ಪಾರ್ಟಿಯಿಂದ ಸೆಂಟ್ರಲ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಒಂಬತ್ತು ವಿದ್ಯಾರ್ಥಿಗಳು ಆಸ್ಪತ್ರೆ ಸೇರಿದರು. ಕೆಫೀನು ಅಮಲಿನ ಅನುಭವವನ್ನು ಮುಚ್ಚಿಡುತ್ತದೆ, ರಕ್ತದಲ್ಲಿನ ಮದ್ಯವನ್ನು ಮಾತ್ರ ಒಂದು ಹನಿಯೂ ತಗ್ಗಿಸುವುದಿಲ್ಲ. ‘ಇನ್ನೂ ಏರಿಲ್ಲ’ ಎಂದುಕೊಂಡು ಹುಡುಗರು ಕುಡಿಯುತ್ತಲೇ ಹೋಗುತ್ತಾರೆ. ನವೆಂಬರಿನಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಇಂಥ ಪಾನೀಯ ಮಾಡುವ ನಾಲ್ಕು ಕಂಪನಿಗಳಿಗೆ ಎಚ್ಚರಿಕೆ ಪತ್ರ ಬರೆಯಿತು, ಕೆಫೀನು ಬಿಟ್ಟು ಹೊಸ ಡಬ್ಬಿ ಬಂತು. ನಮ್ಮಲ್ಲಿ ವೋಡ್ಕಾಗೆ ಎನರ್ಜಿ ಡ್ರಿಂಕ್ ಬೆರೆಸಿ ಕುಡಿಯುವವರು ಅದೇ ಡಬ್ಬಿಯನ್ನು ಕೈಯಾರೆ ತಯಾರಿಸಿಕೊಳ್ಳುತ್ತಿದ್ದಾರೆ.

ಪಾರ್ಟಿಯಲ್ಲಿ ಕೇಳಿಬರುವ ಅತ್ಯಂತ ಅಪಾಯದ ಮಾತು ಯಾವುದು ಎಂದು ಅಕ್ಕನನ್ನು ಕೇಳಿದರೆ ಉತ್ತರ ಸಿದ್ಧವಾಗಿದೆ: “ಮಲಗಿಸಿಬಿಡ್ರೋ, ಬೆಳಿಗ್ಗೆ ಸರಿಹೋಗ್ತಾನೆ.” ಗ್ಲಾಸು ಕೆಳಗಿಟ್ಟ ಮೇಲೂ ಹೊಟ್ಟೆಯಲ್ಲಿರುವ ಮದ್ಯ ರಕ್ತಕ್ಕೆ ಸೇರುತ್ತಲೇ ಇರುತ್ತದೆ, ಮಲಗಿದ ಮೇಲೂ ಅಮಲು ಏರುತ್ತದೆ. ಅಂಗಾತ ಮಲಗಿದವನಿಗೆ ವಾಂತಿಯಾದರೆ ಅದು ಉಸಿರಿನ ದಾರಿಗೇ ಇಳಿಯುತ್ತದೆ. ಆದ್ದರಿಂದ ಪಕ್ಕಕ್ಕೆ ಹೊರಳಿಸಿ, ಮೇಲಿನ ಮೊಣಕಾಲು ಮುಂದಕ್ಕೆ ಮಡಿಸಿ, ಬಾಯಿ ನೆಲದ ಕಡೆ ಇರುವಂತೆ ಮಲಗಿಸಬೇಕು. ಒಬ್ಬರು ಪಕ್ಕದಲ್ಲೇ ಕೂರಬೇಕು. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬಾರದು, ಶವರಿನ ಕೆಳಗೆ ನಿಲ್ಲಿಸಬಾರದು. ಎಬ್ಬಿಸಿದರೆ ಏಳುತ್ತಿಲ್ಲ, ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿಗಿಂತ ಹೆಚ್ಚು ಬಿಡುವು ಬರುತ್ತಿದೆ, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಸಲ ಉಸಿರಾಡುತ್ತಿದ್ದಾನೆ, ಮೈ ತಣ್ಣಗಾಗಿ ತುಟಿ ನೀಲಿಯಾಗುತ್ತಿದೆ: ಇವುಗಳಲ್ಲಿ ಒಂದು ಕಂಡರೂ 108. ಉಸಿರು ಎಣಿಸಲು ಫೋನಿನ ಸ್ಟಾಪ್‌ವಾಚ್ ಸಾಕು, ಅದಕ್ಕೆ ಹೊಸ ಆ್ಯಪ್ ಬೇಡ.

ಆ ನಂಬರು ಒತ್ತಲು ಬೆರಳು ಹಿಂದೇಟು ಹಾಕುವುದು ರೋಗದ ಭಯಕ್ಕಲ್ಲ, ವಾರ್ಡನ್ ಭಯಕ್ಕೆ. ‘ಮನೆಗೆ ಗೊತ್ತಾಗುತ್ತೆ, ಸಸ್ಪೆಂಡ್ ಮಾಡ್ತಾರೆ’ ಎಂದು ಗೆಳೆಯರು ಒಂದು ಗಂಟೆ ಕಳೆದುಬಿಡುತ್ತಾರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ 2002ರಲ್ಲೇ ಇದಕ್ಕೊಂದು ದಾರಿ ಮಾಡಿತು. ಕುಡಿದು ಅಪಾಯದಲ್ಲಿರುವವರಿಗಾಗಿ ಆ್ಯಂಬುಲೆನ್ಸ್ ಕರೆದ ವಿದ್ಯಾರ್ಥಿಗೂ, ಯಾರಿಗಾಗಿ ಕರೆದರೋ ಅವನಿಗೂ ಕುಡಿತದ ನಿಯಮ ಮುರಿದದ್ದಕ್ಕಾಗಿ ಶಿಸ್ತುಕ್ರಮ ಇಲ್ಲ ಎಂದು ಘೋಷಿಸಿತು. ಮುಂದೆ ಬೇರೆ ಎಷ್ಟೋ ವಿಶ್ವವಿದ್ಯಾಲಯಗಳು ಅದನ್ನು ಅನುಸರಿಸಿದವು. ನಮ್ಮ ಪ್ರಾಂಶುಪಾಲರ ಕೋಣೆಯಲ್ಲಿ ಈ ವಿಷಯ ಚರ್ಚೆಗೆ ಬರಬೇಕು. ಕುಡಿತಕ್ಕೆ ಕುಮ್ಮಕ್ಕು ಕೊಟ್ಟಂತಾಗುತ್ತದೆ ಎನ್ನುವವರಿದ್ದಾರೆ. ಒಂದು ಗಂಟೆ ತಡವಾಗಿ ಆಸ್ಪತ್ರೆಗೆ ಬಂದ ಹುಡುಗನನ್ನು ನೋಡಿದ ವೈದ್ಯರು ಹಾಗೆ ಹೇಳಲಾರರು.

ಗಾಡಿಯ ವಿಷಯದಲ್ಲಿ ಅಕ್ಕ ಚೌಕಾಸಿ ಮಾಡುವುದಿಲ್ಲ. ಮೋಟಾರು ವಾಹನ ಕಾಯಿದೆಯ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯ ಕಂಡರೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ‘ಒಂದೇ ಬಿಯರು ಮಚ್ಚಾ’ ಎನ್ನುವವನ ಹಿಂದೆ ಕೂರುವ ಬದಲು ನಡೆದು ಬಾ ಎನ್ನುತ್ತಾಳೆ. ಹೊಸವರ್ಷದ ರಾತ್ರಿ ನಮ್ಮ ಮೆಟ್ರೊ ಎಂದಿಗಿಂತ ಹೆಚ್ಚು ಹೊತ್ತು ಓಡುತ್ತದೆ, ನಿಜ. ಆದರೆ ನೂಕುನುಗ್ಗಲು ತಪ್ಪಿಸಲು ಎಂ.ಜಿ. ರಸ್ತೆ ನಿಲ್ದಾಣವನ್ನೇ ರಾತ್ರಿ ಮುಚ್ಚಿ, ಟ್ರಿನಿಟಿಗೋ ಕಬ್ಬನ್ ಪಾರ್ಕಿಗೋ ನಡೆದುಹೋಗಿ ಎಂದದ್ದೂ ಉಂಟು. ಹೊರಡುವ ಮುಂಚೆ ಆ ದಿನದ ಪ್ರಕಟಣೆ ನೋಡಿಕೊಂಡರೆ ಒಳ್ಳೆಯದು.

ಜನಜಂಗುಳಿಯ ಮಾತು ಬಂದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. 2016ರ ಡಿಸೆಂಬರ್ 31ರ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳ ಗುಂಪಿನಲ್ಲಿ ಹೆಣ್ಣುಮಕ್ಕಳಿಗೆ ಆದ ಕಿರುಕುಳದ ಸುದ್ದಿ ದೇಶವಿಡೀ ಬೆಂಗಳೂರಿನ ತಲೆ ತಗ್ಗಿಸಿತು. 2025ರ ಜೂನ್ 4ರಂದು ಆರ್‌ಸಿಬಿ ಗೆಲುವಿನ ಸಂಭ್ರಮಕ್ಕೆ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಸೇರಿದ ಜನರಲ್ಲಿ 11 ಮಂದಿ ಕಾಲ್ತುಳಿತಕ್ಕೆ ಬಲಿಯಾದರು. ಅದಕ್ಕೂ ಮುಂಚೆ, 2022ರ ಅಕ್ಟೋಬರ್ 29ರಂದು, ದಕ್ಷಿಣ ಕೊರಿಯಾದ ಸೋಲ್ ನಗರದ ಇಟೇವಾನ್ ಬಡಾವಣೆಯ ಒಂದು ಇಳಿಜಾರು ಓಣಿಯಲ್ಲಿ ಹ್ಯಾಲೋವೀನ್ ಪಾರ್ಟಿಗೆ ಬಂದಿದ್ದ 159 ಜನ ತೀರಿಕೊಂಡರು. ಹೆಚ್ಚಿನವರು ಇಪ್ಪತ್ತು, ಮೂವತ್ತರ ಪ್ರಾಯದವರು. ಇಂಥ ಕಡೆ ಜನ ಸಾಯುವುದು ತುಳಿತಕ್ಕಿಂತ ಹೆಚ್ಚಾಗಿ ಉಸಿರುಗಟ್ಟಿ. ನಿಂತಲ್ಲೇ ಎದೆಯ ಮೇಲೆ ಒತ್ತಡ ಬಿದ್ದು ಪುಪ್ಪುಸ ಹಿಗ್ಗಲು ಜಾಗ ಸಿಗುವುದಿಲ್ಲ.

ಹಾಗಾಗಿ ಗುಂಪು ಬಿಗಿಯಾಗುತ್ತಿದೆ ಎನಿಸಿದ ಕೂಡಲೇ ಹೊರಬೀಳಬೇಕು, ಗುಂಪಿಗೆ ಎದುರಾಗಿ ಅಲ್ಲ, ಓರೆಯಾಗಿ ಅಂಚಿನ ಕಡೆಗೆ. ಸಿಕ್ಕಿಹಾಕಿಕೊಂಡರೆ ಎರಡೂ ಕೈ ಮಡಿಸಿ ಎದೆಯ ಮುಂದೆ ಹಿಡಿದು ಉಸಿರಿಗೆ ಜಾಗ ಮಾಡಿಕೊಳ್ಳಬೇಕು. ಕಿರುಚಿ ಉಸಿರು ಕಳೆದುಕೊಳ್ಳಬಾರದು. ಮತ್ತು ಕೈಜಾರಿ ಬಿದ್ದ ಫೋನನ್ನು ಎತ್ತಿಕೊಳ್ಳಲು ಬಗ್ಗಲೇಬಾರದು, ಅದು ಒಂದು ಲಕ್ಷದ ಫೋನಾದರೂ ಸರಿ. ಇನ್ನೊಂದು ಕಿವಿಮಾತು: ಸಾವಿರಾರು ಫೋನು ಒಂದೇ ಟವರಿಗೆ ಮುಗಿಬಿದ್ದಾಗ ಕರೆ ಹೋಗುವುದಿಲ್ಲ, ನಕ್ಷೆ ತೆರೆಯುವುದಿಲ್ಲ. ‘ಕಳೆದುಹೋದರೆ ಫೋನ್ ಮಾಡ್ತೀನಿ’ ಎಂಬ ಯೋಜನೆ ಅಲ್ಲಿ ನಡೆಯದು. ‘ತಪ್ಪಿಸಿಕೊಂಡರೆ ಹನ್ನೊಂದಕ್ಕೆ ಇಂಥ ಹೋಟೆಲಿನ ಮೆಟ್ಟಿಲ ಹತ್ತಿರ’ ಎಂದು ಮೊದಲೇ ಮಾತಾಡಿಕೊಳ್ಳಬೇಕು. ಮೊಬೈಲು ಬರುವುದಕ್ಕೆ ಮುಂಚೆ ಜಾತ್ರೆಗೆ ಹೋಗುತ್ತಿದ್ದ ಅಜ್ಜಂದಿರು ‘ತೇರಿನ ಹತ್ತಿರ ನಿಂತಿರು’ ಎನ್ನುತ್ತಿದ್ದರಲ್ಲ, ಅದೇ.

ಕಿವಿಗಳ ವಿಚಾರವನ್ನು ಯಾರೂ ಎತ್ತುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಿದರೂ ಚಿಂತೆಯಿಲ್ಲ. 90ಕ್ಕೆ ಏರಿದರೆ ವಾರಕ್ಕೆ ನಾಲ್ಕೇ ಗಂಟೆ. ಮೂರು ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧವಾಗುತ್ತದೆ. ಡಿ.ಜೆ. ಸ್ಪೀಕರಿನ ಮುಂದೆ ನೂರು ಡೆಸಿಬೆಲ್ ದಾಟುವುದು ಹೊಸದೇನಲ್ಲ, ಅಂದರೆ ವಾರದ ಪಾಲು ಅರ್ಧ ಗಂಟೆಯೊಳಗೇ ಮುಗಿದಿರುತ್ತದೆ. 2022ರಲ್ಲಿ ಈ ಸಂಸ್ಥೆ ಸಂಗೀತದ ತಾಣಗಳಿಗೆ ಸರಾಸರಿ 100 ಡೆಸಿಬೆಲ್ಲಿನ ಮಿತಿ ಸೂಚಿಸಿತು. ಈಗಿನ ಕೆಲವು ಸ್ಮಾರ್ಟ್ ವಾಚುಗಳು ಸುತ್ತಲ ಸದ್ದನ್ನು ಅಳೆದು ಮಣಿಕಟ್ಟಿನಲ್ಲೇ ನಡುಗಿ ಎಚ್ಚರಿಸುತ್ತವೆ. ಹೊಸ ಗ್ಯಾಜೆಟ್ಟುಗಳಲ್ಲಿ ನಿಜಕ್ಕೂ ಉಪಕಾರಿಯಾದ ಗುಣ ಇದು. ಕೊಳ್ಳುವವರು ಮಾತ್ರ ಪಟ್ಟಿಯ ಬಣ್ಣ ನೋಡುತ್ತಾರೆ. ಬೆಳಿಗ್ಗೆ ಕಿವಿಯಲ್ಲಿ ‘ಗುಂಯ್’ ಎನ್ನುತ್ತಿದ್ದರೆ ಅದು ಪಾರ್ಟಿಯ ನೆನಪಲ್ಲ, ಒಳಗಿವಿಯ ಸೂಕ್ಷ್ಮ ಕೋಶಗಳಿಗೆ ಬಿದ್ದ ಪೆಟ್ಟು. ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಗ್ಯಾಜೆಟ್ ಎಂದೇ ಹುಡುಗರ ಕೈಸೇರುವ ಇನ್ನೊಂದು ವಸ್ತು ವೇಪ್. ಪೆನ್ ಡ್ರೈವಿನ ಹಾಗೆ ಕಾಣುತ್ತದೆ, ಯುಎಸ್‌ಬಿಯಲ್ಲಿ ಚಾರ್ಜಾಗುತ್ತದೆ, ಮಾವಿನ ಹಣ್ಣಿನ ವಾಸನೆ ಬೇರೆ. ‘ಸಿಗರೇಟಲ್ಲ ಅಣ್ಣಾ, ಬರೀ ಆವಿ’ ಎನ್ನುತ್ತಾರೆ. ಆ ಆವಿಯಲ್ಲಿ ಸಾಮಾನ್ಯವಾಗಿ ನಿಕೋಟಿನ್ ಇರುತ್ತದೆ. 2019ರ ಕಾಯಿದೆಯಡಿ ಭಾರತದಲ್ಲಿ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವೂ ನಿಷಿದ್ಧ. ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ. ಅಂದಮೇಲೆ ಇಲ್ಲಿ ಸಿಗುವುದೆಲ್ಲ ಕಳ್ಳಮಾಲು, ಅದರೊಳಗೆ ಏನಿದೆ ಎಂದು ಯಾರೂ ಪರೀಕ್ಷಿಸಿರುವುದಿಲ್ಲ.

ನೋಡಲು ಸಾಧುವಾದ ಎರಡು ಗ್ಯಾಜೆಟ್ಟುಗಳ ಬಗ್ಗೆ ಅಕ್ಕ ಹುಡುಗಿಯರಿಗೆ ವಿಶೇಷವಾಗಿ ಹೇಳುತ್ತಾಳೆ. ಒಂದು, ಕೀಲಿಗೊಂಚಲಿಗೆ ಹಾಕುವ ಬಿಲ್ಲೆ. ಆ್ಯಪಲ್ ಕಂಪನಿ 2021ರಲ್ಲಿ ಏರ್‌ಟ್ಯಾಗನ್ನು ತಂದದ್ದು ಕಳೆದ ಬ್ಯಾಗು ಹುಡುಕಲು. ಅದನ್ನೇ ಇನ್ನೊಬ್ಬರ ಬ್ಯಾಗಿಗೆ ತೂರಿಸಿ ಬೆನ್ನುಹತ್ತುವವರೂ ಹುಟ್ಟಿಕೊಂಡರು. 2024ರ ಮೇ ತಿಂಗಳಲ್ಲಿ ಆ್ಯಪಲ್ ಮತ್ತು ಗೂಗಲ್ ಜೊತೆಗೂಡಿ, ಅಪರಿಚಿತ ಬಿಲ್ಲೆಯೊಂದು ನಿಮ್ಮ ಜೊತೆಗೇ ಸಾಗುತ್ತಿದ್ದರೆ ಎರಡೂ ಬಗೆಯ ಫೋನುಗಳಲ್ಲಿ ಎಚ್ಚರಿಕೆ ಬರುವಂತೆ ಮಾಡಿದವು. ಆ ಸಂದೇಶ ಬಂದರೆ ಜಾಹೀರಾತೆಂದು ಒರೆಸಿಹಾಕಬೇಡಿ. ಇನ್ನೊಂದು, ಕ್ಯಾಮೆರಾ ಕೂತ ಕನ್ನಡಕ. ರೇ-ಬ್ಯಾನ್ ಮೆಟಾ ಕನ್ನಡಕ 2025ರಲ್ಲಿ ನಮ್ಮ ಮಾರುಕಟ್ಟೆಗೂ ಬಂತು. ಚಿತ್ರೀಕರಣ ನಡೆಯುವಾಗ ಚೌಕಟ್ಟಿನಲ್ಲಿ ಒಂದು ಸಣ್ಣ ಬಿಳಿ ದೀಪ ಬೆಳಗುತ್ತದೆ. ಪಾರ್ಟಿಯ ಬಣ್ಣದ ದೀಪಗಳ ನಡುವೆ ಅದು ಯಾರ ಕಣ್ಣಿಗೆ ಬಿದ್ದೀತು? ಕುಣಿಯುವ ಗೆಳತಿಯ ವಿಡಿಯೊ ಹಾಕುವ ಮುಂಚೆ ಬೆಳಿಗ್ಗೆ ಅವಳನ್ನು ಕೇಳಬೇಕು, ರಾತ್ರಿ ಅಲ್ಲ. ಅಮಲಿನಲ್ಲಿ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ. ‘ಈಗ ಇಲ್ಲಿದ್ದೀವಿ’ ಎಂದು ಜಾಗದ ಹೆಸರು ಸಮೇತ ಸ್ಟೋರಿ ಹಾಕುವುದನ್ನೂ ಮರುದಿನಕ್ಕೆ ಇಟ್ಟುಕೊಳ್ಳಬಹುದು.

ಫೋನು ಕಳೆದೇಹೋಯಿತು ಅನ್ನಿ. ಅಳುವುದಕ್ಕೆ ಮುಂಚೆ ಮಾಡುವ ಕೆಲಸಗಳಿವೆ. ಬೇರೆಯವರ ಫೋನಿನಿಂದ ಸಿಮ್ ಬ್ಲಾಕ್ ಮಾಡಿಸಬೇಕು, ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಬೇಕು, ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆಮೇಲೆ ಪೊಲೀಸ್ ದೂರಿನ ಪ್ರತಿ ಹಿಡಿದು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲಿನಲ್ಲಿ ಐಎಂಇಐ ಸಂಖ್ಯೆ ಕೊಟ್ಟರೆ ಆ ಫೋನು ದೇಶದ ಯಾವ ನೆಟ್‌ವರ್ಕಿನಲ್ಲೂ ನಡೆಯದಂತೆ ಮಾಡುತ್ತಾರೆ; 2023ರ ಮೇ ತಿಂಗಳಿಂದ ಈ ಸೌಲಭ್ಯ ದೇಶಕ್ಕೆಲ್ಲ ಇದೆ. ಐಎಂಇಐ ಎಂಬ ಆ 15 ಅಂಕಿ *#06# ಒತ್ತಿದರೆ ಬರುತ್ತದೆ. ಫೋನು ಕಳೆದ ಮೇಲೆ ಒತ್ತಲು ಫೋನೇ ಇರುವುದಿಲ್ಲವಾದ್ದರಿಂದ ಇದೂ ಸಂಜೆ ಆರರ ಕೆಲಸ.

ಸಿಮ್‌ಗೂ ಒಂದು ಪಿನ್ ಹಾಕಿ ಎಂದು ಅಕ್ಕ ಒತ್ತಾಯಿಸುತ್ತಾಳೆ. ಕಳ್ಳ ನಿಮ್ಮ ಫೋನಿನ ಬೀಗ ತೆರೆಯಲು ಒದ್ದಾಡುವುದಿಲ್ಲ, ಸಿಮ್ ತೆಗೆದು ತನ್ನ ಫೋನಿಗೆ ಹಾಕಿ ಓಟಿಪಿ ತರಿಸಿಕೊಳ್ಳುತ್ತಾನೆ.

ಇನ್ನೊಂದು ಫೋನು ಕೊಳ್ಳುವವರಿಗೂ ಅವಳ ಹತ್ತಿರ ಮಾತಿದೆ. ಎಸ್.ಪಿ. ರಸ್ತೆಯಲ್ಲೋ ಗಾಂಧಿನಗರದ ನ್ಯಾಷನಲ್ ಮಾರ್ಕೆಟಿನಲ್ಲೋ ಸೆಕೆಂಡ್ ಹ್ಯಾಂಡ್ ಫೋನು ನೋಡುವಾಗ ದುಡ್ಡು ಎಣಿಸುವ ಮುಂಚೆ ‘ಕೆವೈಎಂ’ ಎಂಬ ಮೂರು ಇಂಗ್ಲಿಷ್ ಅಕ್ಷರ ಹೊಡೆದು, ಜಾಗ ಬಿಟ್ಟು ಐಎಂಇಐ ಬರೆದು 14422ಕ್ಕೆ ಎಸ್‌ಎಂಎಸ್ ಕಳಿಸಿದರೆ ಅದು ಬ್ಲಾಕ್ ಆದ ಮಾಲೇ ಎಂದು ಗೊತ್ತಾಗುತ್ತದೆ. ಪವರ್ ಬ್ಯಾಂಕು ಕೊಳ್ಳುವಾಗ ಬಿಐಎಸ್ ಗುರುತು ಮತ್ತು ಅದರ ಜೊತೆಗಿನ ‘ಆರ್’ ಸಂಖ್ಯೆ ನೋಡಿ, ಬಿಐಎಸ್ ಕೇರ್ ಆ್ಯಪಿನಲ್ಲಿ ಹೊಂದಿಸಿ ನೋಡಬೇಕು. ಮುನ್ನೂರು ರೂಪಾಯಿಗೆ ಮೂವತ್ತು ಸಾವಿರ ಎಂಎಎಚ್ ಎಂದರೆ ನಂಬಬಾರದು. ಗೋವಾಕ್ಕೆ ವಿಮಾನದಲ್ಲಿ ಹೋಗುವವರು ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಸಾಮಾನ್ಯವಾಗಿ 100 ವಾಟ್-ಅವರ್ ಮೀರುವಂತಿಲ್ಲ. ಎಂಎಎಚ್ ಲೆಕ್ಕದಲ್ಲಿ ಅದು ಸುಮಾರು 27,000. ಹಾಸಿಗೆಯ ಮೇಲೆ, ದಿಂಬಿನಡಿಯಲ್ಲಿ ಚಾರ್ಜಿಗೆ ಹಾಕಿ ಮಲಗುವ ಅಭ್ಯಾಸಕ್ಕೆ ಅವಳ ಬೈಗುಳ ಖಾಯಂ: ಲಿಥಿಯಂ ಬ್ಯಾಟರಿಯ ಬಿಸಿ ಹೊರಹೋಗಲು ಗಾಳಿ ಬೇಕು, ಪಿ.ಜಿ. ರೂಮಿನಲ್ಲಿ ಮೂರು ಮಂಚಕ್ಕೆ ಒಂದೇ ಬಾಗಿಲು.

ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡ ಹುಡುಗಿಯನ್ನೂ ಸೋಲಿಸುವ ಒಂದು ವಸ್ತು ಉಳಿದಿದೆ, ಪಿ.ಜಿ.ಯ ಗೇಟು. ರಾತ್ರಿ ಹತ್ತಕ್ಕೆ ಬೀಗ ಬೀಳುತ್ತದೆ. ಟ್ರಾಫಿಕ್ಕಿನಲ್ಲಿ ಸಿಕ್ಕಿ ಹತ್ತೂ ಇಪ್ಪತ್ತಾದರೆ ಅವಳು ವಾಪಸ್ ಬರುವುದನ್ನೇ ಬಿಟ್ಟು, ಅರ್ಧ ಪರಿಚಯದವರ ಮನೆಯಲ್ಲೋ ರಾತ್ರಿಯೆಲ್ಲ ತೆರೆದಿರುವ ಕೆಫೆಯಲ್ಲೋ ಬೆಳಗಾಗುವವರೆಗೆ ಕಳೆಯುತ್ತಾಳೆ. ಸುರಕ್ಷತೆಗೆಂದು ಹಾಕಿದ ಬೀಗ ಅವಳನ್ನು ರಾತ್ರಿಯಿಡೀ ಹೊರಗಿಡುತ್ತದೆ. ಆದ್ದರಿಂದ ಈ ಮಾತನ್ನು ಕೇಳುತ್ತಿರುವ ಪಿ.ಜಿ. ಮಾಲೀಕರಲ್ಲಿ, ವಾರ್ಡನ್ನರಲ್ಲಿ ಒಂದು ವಿನಂತಿ: ತಡವಾಗಿ ಬಂದ ಮಕ್ಕಳಿಗೆ ಗೇಟು ತೆಗೆಯಿರಿ, ಪ್ರಶ್ನೆಗಳನ್ನು ಬೆಳಿಗ್ಗೆ ಕೇಳಿ. ಊರಲ್ಲಿರುವ ಅಪ್ಪ-ಅಮ್ಮಂದಿರಲ್ಲೂ ಅದೇ ಕೋರಿಕೆ: ನಡುರಾತ್ರಿ ಮಗನೋ ಮಗಳೋ ಫೋನು ಮಾಡಿದರೆ ‘ಯಾಕೆ ಹೋಗಿದ್ದೆ’ ಎನ್ನಬೇಡಿ, ‘ಎಲ್ಲಿದ್ದೀಯಪ್ಪಾ, ಜೊತೆಯಲ್ಲಿ ಯಾರಿದ್ದಾರೆ’ ಎಂದು ಕೇಳಿ.